‘ಯೆಸ್ಟರ್‌ಡೇ ಒನ್ಸ್ ಮೋರ್’: ಎರಡಕ್ಕೇ ನಿಂತ ಹಾಡಿನ ಟಿಪ್ಪಣಿ

ಕಾರವಾರದ ನಮ್ಮ ಗುಂಪಿಗೆ ಈ ಸಲದ ಪಾಠ ಅಮೆರಿಕದ ಕಾರ್ಪೆಂಟರ್ಸ್ ಎಂಬ ಅಣ್ಣ-ತಂಗಿ ಜೋಡಿಯ ಹಾಡು. ಬರೆದವರು ಅಣ್ಣ ರಿಚರ್ಡ್ ಕಾರ್ಪೆಂಟರ್ ಮತ್ತು ಜಾನ್ ಬೆಟಿಸ್. ಹಾಡಿದ್ದು ತಂಗಿ ಕ್ಯಾರೆನ್. ವರ್ಷ 1973. ಇಷ್ಟನ್ನು ಬಾಯಿಪಾಠ ಮಾಡಿಬಿಡಿ.

ಚಿಕ್ಕವಳಿದ್ದಾಗ ರೇಡಿಯೊ ಹಚ್ಚಿ, ಮೆಚ್ಚಿನ ಹಾಡು ಯಾವಾಗ ಬರುತ್ತದೋ ಅಂತ ಕಾಯುತ್ತಿದ್ದವಳಿಗೆ ಅವೇ ಹಾಡುಗಳು ಮತ್ತೆ ಕೇಳಿಸುತ್ತವೆ. ಹಾಡಿನ ಕಥೆ ಇಷ್ಟೇ. ಆದರೆ ‘ನೌ ಅಂಡ್ ದೆನ್’ ಆಲ್ಬಮ್‌ನಲ್ಲಿ ಇದನ್ನು ಇಟ್ಟ ಜಾಗ ನೋಡಿ. ಎಲ್‌ಪಿಯ (ದೊಡ್ಡ ಗ್ರಾಮಫೋನ್ ತಟ್ಟೆಯ) ಎರಡನೇ ಮಗ್ಗುಲು ಇದರಿಂದಲೇ ಶುರು. ಆಮೇಲೆ ಎಂಟು ಹಳೇ ಹಾಡು, ಒಂದರ ಬೆನ್ನಿಗೆ ಒಂದು. ನಡುನಡುವೆ ಅವರ ಗಿಟಾರ್ ವಾದಕ ಟೋನಿ ಪೆಲೂಸೊ ರೇಡಿಯೊ ಡಿಜೆ ಥರ ಪಟಪಟ ಮಾತಾಡುತ್ತಾನೆ. ಕೊನೆಗೆ ಇದೇ ಹಾಡಿನ ತುಣುಕು. ಹಾಡಿನೊಳಗಿನ ರೇಡಿಯೊವನ್ನು ಅವರು ಹಚ್ಚಿಯೇ ಬಿಟ್ಟರು!

ಮಜಾ ಏನಂದ್ರೆ, ಆ ಹಳೇ ಹಾಡುಗಳೆಲ್ಲ 1962–64ರ ಆಸುಪಾಸಿನವು. ಹತ್ತೇ ವರ್ಷಕ್ಕೆ ‘ಆ ಕಾಲವೇ ಚೆನ್ನಾಗಿತ್ತು’ ಅನ್ನೋದಾ? ನನಗನ್ನಿಸುವ ಕಾರಣ: ಅಷ್ಟರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯಾಗಿತ್ತು, ಬೀಟಲ್ಸ್ ಬಂದು ಹೋಗಿದ್ದರು, ವಿಯೆಟ್ನಾಂ ಯುದ್ಧ ಮನೆಮನೆಗೂ ತಟ್ಟಿತ್ತು. ವರ್ಷ ಹತ್ತೇ ಆದರೂ ಊರೇ ಬದಲಾದ ಹಾಗೆ.

ಈಗ ಚಾರ್ಟ್, ಅಂದರೆ ಜನಪ್ರಿಯ ಹಾಡುಗಳ ಪಟ್ಟಿ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಹಾಟ್ 100 ಪಟ್ಟಿಯಲ್ಲಿ 2ನೇ ಸ್ಥಾನ, ಜುಲೈ ಕೊನೆಗೆ. ಮೇಲೆ ಕೂತಿದ್ದು ಜಿಮ್ ಕ್ರೋಚಿಯ ‘ಬ್ಯಾಡ್, ಬ್ಯಾಡ್ ಲೀರಾಯ್ ಬ್ರೌನ್’. ಬ್ರಿಟನ್ನಿನಲ್ಲೂ 2. ಬಿಲ್‌ಬೋರ್ಡ್‌ನದೇ ಈಸಿ ಲಿಸನಿಂಗ್ (ಹಿತವಾದ, ಮೆಲುದನಿಯ ಹಾಡುಗಳ) ಪಟ್ಟಿಯಲ್ಲಿ ಮಾತ್ರ 1. ಹಾಟ್ 100ರಲ್ಲಿ ಕಾರ್ಪೆಂಟರ್ಸ್‌ರ ಐದು ಹಾಡು ಎರಡಕ್ಕೇ ನಿಂತಿವೆ, ಪಾಪ!

ಆ ಕಾಲದ ಪಟ್ಟಿ ತಯಾರಾಗುತ್ತಿದ್ದ ಬಗೆ ನಮ್ಮ ಅಜ್ಜಂದಿರಿಗೆ ಸುಲಭವಾಗಿ ತಿಳಿದೀತು. ರೇಡಿಯೊ ಸಿಲೋನ್‌ನಲ್ಲಿ 1952ರಿಂದ ಅಮೀನ್ ಸಯಾನಿ ನಡೆಸಿದ, ಹಿಂದಿ ಸಿನಿಮಾ ಹಾಡುಗಳಿಗೆ ಸ್ಥಾನ ಕೊಡುತ್ತಿದ್ದ ಬಿನಾಕಾ ಗೀತಮಾಲಾ ನೆನಪಿದೆಯಲ್ವಾ ಅಂತ ಕೇಳಿ. ಶಿರಸಿ ಕಡೆಯವರಾದರೆ ಏರಿಯಲ್ ತಂತಿ ಮರಕ್ಕೆ ಕಟ್ಟಿದ ಕಥೆಯನ್ನೂ ಹೇಳಿಯಾರು. ಅಲ್ಲಿಯೂ ಅಂಗಡಿಯಲ್ಲಿ ಖರ್ಚಾದ ರೆಕಾರ್ಡು, ಕೇಳುಗರ ಅಭಿಪ್ರಾಯ, ಎರಡೂ ಸೇರುತ್ತಿದ್ದವು. ಬಿಲ್‌ಬೋರ್ಡ್ ಅಂಗಡಿ ಮಾರಾಟದ ಜೊತೆ ರೇಡಿಯೊ ಪ್ರಸಾರವನ್ನು ಸೇರಿಸುತ್ತಿತ್ತು. ಅಂಗಡಿಯವರು, ಸ್ಟೇಷನ್‌ನವರು ವರದಿ ಕೊಟ್ಟಂತೆ ಲೆಕ್ಕ. ಯಂತ್ರವೇ ಮಾರಾಟ ಎಣಿಸುವ ಲೆಕ್ಕ ಬಂದಿದ್ದು 1991ರಲ್ಲಿ. ಹಾಗಾಗಿ 1ಕ್ಕೂ 2ಕ್ಕೂ ನಡುವಿನ ಅಂತರವನ್ನು ಜಾಸ್ತಿ ತಲೆಗೆ ಹಚ್ಚಿಕೊಳ್ಳಬೇಡಿ.

ಕೇಳುವಾಗ ಸುಮ್ನೆ ಒಂದೇ ಹಾಡು ಹುಡುಕಬೇಡಿ. ಎರಡನೇ ಮಗ್ಗುಲನ್ನು ಮೊದಲಿಂದ ಕೊನೆತನಕ, ಅದೇ ಕ್ರಮದಲ್ಲಿ ಹಾಕಿ.