ನೆಲದಡಿಯ ಬಿಸಿನೀರಿನ ಪೈಪು: ಸ್ಕ್ರೀಡ್ ಸುರಿಯುವ ಮೊದಲೇ ಮುಗಿಯಬೇಕಾದ ಲೆಕ್ಕ

ನೆಲದೊಳಗಿನ ಪೈಪಿನಲ್ಲಿ ಬಿಸಿನೀರು ಹರಿಸಿ ಮನೆ ಬೆಚ್ಚಗಿಡುವ ವ್ಯವಸ್ಥೆಯಲ್ಲಿ ಬಾಯ್ಲರ್ ಕೆಟ್ಟರೆ ಬದಲಾಯಿಸಬಹುದು. ಪಂಪ್ ಸುಟ್ಟರೆ ಅರ್ಧ ದಿನದ ಕೆಲಸ. ಆದರೆ ಸ್ಕ್ರೀಡ್‌ನೊಳಗೆ (ಟೈಲ್ಸ್ ಕೆಳಗಿನ ಸಿಮೆಂಟ್ ಗಾರೆಯ ಪದರ) ಹೂತ ಪೈಪು, ಅದರ ಉದ್ದ, ಸಾಲಿನಿಂದ ಸಾಲಿಗಿರುವ ಅಂತರ, ಅದರ ಕೆಳಗಿನ ಥರ್ಮೋಕೋಲ್ ಇವೆಲ್ಲ ಮನೆ ನಿಂತಿರುವವರೆಗೂ ಹಾಗೆಯೇ ಇರುತ್ತವೆ. ಸ್ವಂತವಾಗಿ ಮನೆ ಕಟ್ಟಿಕೊಳ್ಳುವವರು ಸಾಮಾನ್ಯವಾಗಿ ಬಾಯ್ಲರ್ ಯಾವುದು ಎಂಬ ಚರ್ಚೆಯಲ್ಲೇ ತಿಂಗಳು ಕಳೆಯುತ್ತಾರೆ; ತಿದ್ದಲಾಗದ ಭಾಗವನ್ನು ಎರಡು ದಿನದಲ್ಲಿ ಮುಗಿಸಿಬಿಡುತ್ತಾರೆ. ಇಲ್ಲಿ ಹೂಳುವ ಭಾಗಕ್ಕೇ ಹೆಚ್ಚು ಗಮನ ಕೊಡೋಣ.

ನೆಲದಿಂದ ಎಷ್ಟು ಶಾಖ ಸಿಗುತ್ತದೆ?

ನೆಲದ ಮೇಲ್ಮೈ ಮತ್ತು ಕೋಣೆಯ ಗಾಳಿಯ ನಡುವಿನ ಉಷ್ಣಾಂಶದ ವ್ಯತ್ಯಾಸವೇ ಇದನ್ನು ತೀರ್ಮಾನಿಸುತ್ತದೆ. ಸೂತ್ರ ಹೀಗಿದೆ: ಪ್ರತಿ ಚದರ ಮೀಟರಿಗೆ ಸಿಗುವ ವ್ಯಾಟ್ = 8.92 × (ವ್ಯತ್ಯಾಸ)ದ 1.1ನೇ ಘಾತ. ಯುರೋಪಿನ ಇಎನ್ 1264 ಮಾನದಂಡ ಜನ ಓಡಾಡುವ ಜಾಗದಲ್ಲಿ ಮೇಲ್ಮೈಗೆ 29 ಡಿಗ್ರಿಯ ಮಿತಿ ಹಾಕಿದೆ, ಬಚ್ಚಲುಮನೆಗೆ 33. ಕೋಣೆ 20 ಡಿಗ್ರಿ ಇದ್ದು ನೆಲ 29 ಇದ್ದರೆ ವ್ಯತ್ಯಾಸ 9, ಸಿಗುವುದು ಸುಮಾರು 100 ವ್ಯಾಟ್. ನೆಲ 24 ಇದ್ದರೆ ಸುಮಾರು 41 ವ್ಯಾಟ್ ಮಾತ್ರ.

ಆ 100 ವ್ಯಾಟನ್ನೇ ಗಡಿ ಎಂದು ತಿಳಿಯಿರಿ. ಕೋಣೆ ಕಳೆದುಕೊಳ್ಳುವ ಶಾಖ ಅದಕ್ಕಿಂತ ಹೆಚ್ಚಿದ್ದರೆ ಪೈಪನ್ನು ಎಷ್ಟೇ ಒತ್ತಾಗಿ ಹಾಕಿದರೂ ಪ್ರಯೋಜನವಿಲ್ಲ. ಮೊದಲು ಗೋಡೆ, ಕಿಟಕಿ, ಸೂರಿನ ಸೋರಿಕೆ ನಿಲ್ಲಿಸಬೇಕು. ಲೆಕ್ಕ ಹಾಕುವಾಗ ನೆಲಕ್ಕೆ ಕೂತ ಕಪಾಟುಗಳ ಅಡಿಯ ಜಾಗವನ್ನು ಕಳೆಯುವುದನ್ನು ಮರೆಯಬೇಡಿ.

ಸುತ್ತಿನ ಉದ್ದ: ಹೆಚ್ಚಿನವರು ಎಡವುವುದು ಇಲ್ಲೇ

ಮನೆಗೆ ಹೆಚ್ಚಾಗಿ ಬಳಸುವುದು 16 ಮಿಮೀ ಹೊರವ್ಯಾಸ, 2 ಮಿಮೀ ದಪ್ಪದ ಪೆಕ್ಸ್ ಎಂಬ ಪ್ಲಾಸ್ಟಿಕ್ ಪೈಪು. ಒಳಗಿನ ದಾರಿ 12 ಮಿಮೀ, ಹಾಗಾಗಿ 100 ಮೀಟರ್ ಪೈಪಿನಲ್ಲಿ ನಿಲ್ಲುವ ನೀರು ಸುಮಾರು 11.3 ಲೀಟರ್. ಸಾಲುಗಳ ಅಂತರ 100 ಮಿಮೀ ಆದರೆ ಚದರ ಮೀಟರಿಗೆ 10 ಮೀ ಪೈಪು ಬೇಕು, 150 ಆದರೆ 6.7 ಮೀ, 200 ಆದರೆ 5 ಮೀ.

12 ಚದರ ಮೀಟರ್ ಕೋಣೆ, 150 ಮಿಮೀ ಅಂತರ ಎಂದುಕೊಳ್ಳಿ: 80 ಮೀ. ಮ್ಯಾನಿಫೋಲ್ಡ್‌ನಿಂದ (ಎಲ್ಲ ಸುತ್ತುಗಳೂ ಹೊರಟು ಮರಳಿ ಸೇರುವ ಹಂಚಿಕೆ ಕೊಳವೆ) ಕೋಣೆಗೆ 8 ಮೀ ದೂರವಿದ್ದರೆ ಹೋಗಿಬರಲು ಇನ್ನೂ 16 ಮೀ. ಒಟ್ಟು 96 ಮೀ. ಚದರ ಮೀಟರಿಗೆ 60 ವ್ಯಾಟ್ ಬೇಕಿದ್ದರೆ ಕೋಣೆಗೆ 720 ವ್ಯಾಟ್. ಹೋಗುವ ನೀರಿಗೂ ಮರಳುವ ನೀರಿಗೂ 5 ಡಿಗ್ರಿ ಅಂತರ ಇಟ್ಟುಕೊಂಡರೆ, ನಿಮಿಷಕ್ಕೆ ಹರಿಯಬೇಕಾದ ಲೀಟರ್ = ವ್ಯಾಟ್ ÷ (69.8 × 5), ಅಂದರೆ ಸುಮಾರು 2.1 ಲೀಟರ್. ಇಷ್ಟು ಹರಿವಿಗೆ ಈ ಪೈಪಿನಲ್ಲಿ ಒತ್ತಡದ ನಷ್ಟ ಸರಿಸುಮಾರು 14 ಕಿಲೋಪಾಸ್ಕಲ್, ನೀರಿನ ಎತ್ತರದಲ್ಲಿ ಹೇಳಿದರೆ 1.4 ಮೀ. ಸಣ್ಣ ಪಂಪ್‌ಗೆ ಇದು ಸಲೀಸು.

ಈಗ ಪಕ್ಕದ ಕೋಣೆಯನ್ನೂ ಸೇರಿಸಿ ಒಂದೇ ಸುತ್ತು ಹಾಕಿ 192 ಮೀ ಮಾಡಿದರೆ? ಉದ್ದ ಎರಡು ಪಟ್ಟಾಯಿತು, ಬೇಕಾದ ಹರಿವೂ ಎರಡು ಪಟ್ಟಾಯಿತು. ನಷ್ಟ ಉದ್ದದೊಂದಿಗೆ ನೇರವಾಗಿಯೂ ಹರಿವಿನ ಸುಮಾರು 1.75ನೇ ಘಾತದಲ್ಲೂ ಏರುವುದರಿಂದ ಒಟ್ಟು ಏರಿಕೆ ಎರಡಲ್ಲ, ನಾಲ್ಕೂ ಅಲ್ಲ, ಹೆಚ್ಚುಕಡಿಮೆ 6.7 ಪಟ್ಟು. 9 ಮೀಟರಿಗೂ ಮೀರಿದ ಎತ್ತರ; ಮನೆಯ ಸಾಮಾನ್ಯ 6 ಮೀಟರ್ ಪಂಪ್ ಸೋಲುತ್ತದೆ. ಹರಿವು ಕುಗ್ಗಿ ಸುತ್ತಿನ ಮೊದಲರ್ಧ ಬೆಚ್ಚಗೆ, ಕೊನೆಯರ್ಧ ತಣ್ಣಗೆ ಉಳಿಯುತ್ತದೆ. 16 ಮಿಮೀ ಪೈಪಿಗೆ ‘ಸುತ್ತೊಂದಕ್ಕೆ 100 ಮೀಟರ್ ದಾಟಬೇಡಿ’ ಎನ್ನುವುದರ ಹಿಂದಿನ ಕಾರಣ ಇದೇ. ದೊಡ್ಡ ಕೋಣೆಗೆ ಎರಡು ಸುತ್ತು ಹಾಕಿ, ಉದ್ದ ಆದಷ್ಟು ಸಮನಾಗಿರಲಿ. 40 ಮೀಟರಿನ ಸುತ್ತು 100 ಮೀಟರಿನದರ ಪಕ್ಕದಲ್ಲಿದ್ದರೆ ನೀರೆಲ್ಲ ಸುಲಭದ ದಾರಿ ಹಿಡಿಯುತ್ತದೆ.

ಪೈಪು ಕೊಳ್ಳುವಾಗ ಆಮ್ಲಜನಕ ತಡೆಯುವ ಪದರವಿದೆಯೇ ನೋಡಿ. ಅದಿಲ್ಲದ ಪ್ಲಾಸ್ಟಿಕ್ ಪೈಪಿನ ಗೋಡೆಯ ಮೂಲಕ ಆಮ್ಲಜನಕ ನಿಧಾನವಾಗಿ ನೀರಿಗೆ ಇಳಿದು ಪಂಪ್, ಬಾಯ್ಲರ್‌ಗಳ ಕಬ್ಬಿಣವನ್ನು ತಿನ್ನುತ್ತದೆ. ಕೆಲವು ವರ್ಷದ ಬಳಿಕ ಕಪ್ಪು ಕೆಸರಾಗಿ ಹೊರಬರುತ್ತದೆ.

ಕೆಳಗಿನಿಂದ ಮೇಲಕ್ಕೆ ಪದರಗಳು

ಸ್ಲ್ಯಾಬ್ ಮಟ್ಟವಾಗಿರಬೇಕು, ಉಬ್ಬಿದ ಕಡೆ ಹಲಗೆ ತೂಗಾಡಿ ಮೇಲಿನ ಸ್ಕ್ರೀಡ್ ಬಿರಿಯುತ್ತದೆ. ಮಣ್ಣಿನ ಮೇಲಿನ ನೆಲವಾದರೆ ತೇವ ತಡೆಯುವ ಹಾಳೆ ಮೊದಲು. ಅದರ ಮೇಲೆ ಉಷ್ಣ ತಡೆಯುವ ಹಲಗೆ. ಪೆಟ್ಟಿಗೆಯೊಳಗೆ ಬರುವ ಹಗುರ ಥರ್ಮೋಕೋಲ್ ಇಲ್ಲಿ ಕೆಲಸಕ್ಕೆ ಬಾರದು. ನೆಲಕ್ಕೆಂದೇ ಮಾಡಿದ, 100 ಕಿಲೋಪಾಸ್ಕಲ್ ಒತ್ತಡ ತಾಳುವ ದರ್ಜೆ ಬೇಕು. 100 ಮಿಮೀ ದಪ್ಪ ಹಾಕಿದರೆ ಉಷ್ಣ ತಡೆ (ಹೆಚ್ಚಿದ್ದಷ್ಟೂ ಬಿಸಿ ಕಡಿಮೆ ದಾಟುತ್ತದೆ; ಅಳತೆ m²K/W) ಸುಮಾರು 2.9 ಬರುತ್ತದೆ. ಮೇಲಿನ ಟೈಲ್ಸ್‌ನ ತಡೆ ಬರೀ 0.01 ಆಸುಪಾಸು. ಬಿಸಿ ಎತ್ತ ಹೋಗುತ್ತದೆ ಎಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ. ಹಲಗೆಯನ್ನು ಎರಡು ಪದರವಾಗಿ, ಸಂದು ಸಂದಿನ ಮೇಲೆ ಬೀಳದಂತೆ ಇಟ್ಟರೆ ಇನ್ನೂ ಒಳ್ಳೆಯದು.

ಗೋಡೆಯುದ್ದಕ್ಕೂ 8–10 ಮಿಮೀ ಮೆತ್ತನೆಯ ಅಂಚುಪಟ್ಟಿ ಬೇಕು, ಸಿದ್ಧ ನೆಲದ ಮಟ್ಟ ದಾಟುವಷ್ಟು ಎತ್ತರಕ್ಕೆ. ಸ್ಕ್ರೀಡ್ ಕಾದಾಗ ಮೀಟರಿಗೆ ಡಿಗ್ರಿಗೆ 0.012 ಮಿಮೀ ಹಿಗ್ಗುತ್ತದೆ. 8 ಮೀ ಉದ್ದದ ನೆಲ 30 ಡಿಗ್ರಿ ಏರಿದರೆ ಸುಮಾರು 3 ಮಿಮೀ. ಆ 3 ಮಿಮೀಗೆ ಜಾಗವಿಲ್ಲದಿದ್ದರೆ ಬಿರುಕೇ ಗತಿ. ಬಾಗಿಲಿನ ಕೆಳಗೆ ಮತ್ತು 40 ಚದರ ಮೀಟರ್ ಮೀರಿದ ಕಡೆ ಬಿಡುವಿನ ಸಂದು ಬೇಕು. ಸಂದು ದಾಟುವ ಪೈಪಿಗೆ 300 ಮಿಮೀ ಉದ್ದದ ಹೊರಕೊಳವೆ (ತೋಳು) ತೊಡಿಸಿ.

ಪೈಪು ಹಾಸುವುದು

ಇಬ್ಬರಿದ್ದರೆ ಸುಲಭ: ಒಬ್ಬರು ಸುರುಳಿಯನ್ನು ಉರುಳಿಸುತ್ತ ಬಿಚ್ಚಬೇಕು, ಇನ್ನೊಬ್ಬರು ಕ್ಲಿಪ್ ಹೊಡೆಯಬೇಕು. ಮಲಗಿಸಿದ ಸುರುಳಿಯಿಂದ ಎಳೆದರೆ ಪೈಪು ತಿರುಚಿಕೊಂಡು ಕ್ಲಿಪ್ಪನ್ನೇ ಕಿತ್ತು ಎದ್ದು ನಿಲ್ಲುತ್ತದೆ. ಕ್ಲಿಪ್ ಅರ್ಧ ಮೀಟರಿಗೊಂದು, ತಿರುವಿನಲ್ಲಿ ಮೂರು.

ಉಳುಮೆ ಸಾಲಿನಂತೆ ಹೋಗಿ ತಿರುಗಿ ಬರುವುದು ಒಂದು ವಿಧ, ಬಸವನಹುಳುವಿನ ಚಿಪ್ಪಿನಂತೆ ಒಳಕ್ಕೆ ಸುತ್ತುವುದು ಇನ್ನೊಂದು. ಎರಡನೆಯದೇ ಮೇಲು. 16 ಮಿಮೀ ಪೈಪನ್ನು 80 ಮಿಮೀಗಿಂತ ಕಡಿಮೆ ತ್ರಿಜ್ಯಕ್ಕೆ ಬಾಗಿಸುವಂತಿಲ್ಲ, ಅಂದರೆ ಪೂರ್ತಿ ತಿರುವಿಗೆ 160 ಮಿಮೀ ಬೇಕು. 100 ಮಿಮೀ ಅಂತರದ ಉಳುಮೆ ಸಾಲಿನಲ್ಲಿ ಪ್ರತಿ ತಿರುವೂ ಜಗಳವೇ. ಬಸವನಹುಳು ಸುತ್ತಿನಲ್ಲಿ ಒಳಹೋಗುವಾಗ ದುಪ್ಪಟ್ಟು ಅಂತರ ಬಿಟ್ಟು, ನಡುವಿನಲ್ಲೊಮ್ಮೆ ಅಗಲವಾಗಿ ತಿರುಗಿ, ಬಿಟ್ಟ ಜಾಗದಲ್ಲೇ ಮರಳುತ್ತೀರಿ. ಉಳಿದವೆಲ್ಲ ಸರಳ ಮೂಲೆಗಳು. ಬಿಸಿ ಸಾಲಿನ ಪಕ್ಕದಲ್ಲೇ ತಣಿದ ಸಾಲು ಬರುವುದರಿಂದ ನೆಲವೂ ಸಮನಾಗಿ ಕಾಯುತ್ತದೆ.

ಹೂಳುವ ಭಾಗದಲ್ಲಿ ಜೋಡಣೆ ಬೇಡ. ಮಡಿಕೆ ಬಿದ್ದ ಪೆಕ್ಸ್-ಎ ಪೈಪನ್ನು ಬಿಸಿಗಾಳಿ ಕೊಟ್ಟು ಮೊದಲಿನ ಆಕಾರಕ್ಕೆ ತರಬಹುದು. ಬೇರೆ ಜಾತಿಯದಾದರೆ ಆ ಸುತ್ತನ್ನೇ ಬದಲಿಸಿ. ಕೊನೆಗೆ ಟೇಪ್ ನೆಲದ ಮೇಲಿಟ್ಟು ಕೋಣೆ ಕೋಣೆಯ ಚಿತ್ರ ತೆಗೆದಿಡಿ. ಮುಂದೊಂದು ದಿನ ಬಾಗಿಲ ತಡೆ ಕೂರಿಸಲು ಯಾರೋ ಡ್ರಿಲ್ ಹಿಡಿದು ಬರುತ್ತಾರೆ.

ಒತ್ತಡ ಪರೀಕ್ಷೆ, ಸ್ಕ್ರೀಡ್, ಮೊದಲ ಬಿಸಿ

ಒಂದೊಂದೇ ಸುತ್ತನ್ನು ತೆರೆದು, ಗುಳ್ಳೆ ನಿಲ್ಲುವವರೆಗೆ ನೀರು ಹಾಯಿಸಿ. ಎಲ್ಲವನ್ನೂ ಒಟ್ಟಿಗೆ ತೆರೆದರೆ ಗಾಳಿ ಯಾವುದೋ ಒಂದರಲ್ಲಿ ಅಡಗಿ ಕೂರುತ್ತದೆ. ಆಮೇಲೆ 4ರಿಂದ 6 ಬಾರ್ ಒತ್ತಡ. ಮೊದಲ ಅರ್ಧ ಗಂಟೆ ಮುಳ್ಳು ಸ್ವಲ್ಪ ಇಳಿದರೆ ಗಾಬರಿ ಬೇಡ, ಪೈಪು ಹಿಗ್ಗುತ್ತಿರುತ್ತದೆ. ಮತ್ತೆ ತುಂಬಿ ನೋಡಿ. ಸ್ಕ್ರೀಡ್ ಸುರಿಯುವಾಗಲೂ ಒತ್ತಡ ಹಾಗೇ ಇರಲಿ. ಸಲಿಕೆ ತಗುಲಿ ತೂತಾದರೆ ಆ ಕ್ಷಣವೇ ಗೊತ್ತಾಗಬೇಕು, ಟೈಲ್ಸ್ ಹಾಕಿದ ಮೇಲಲ್ಲ.

ಸಿಮೆಂಟ್ ಸ್ಕ್ರೀಡ್ ಪೈಪಿನ ಮೇಲೆ 45 ಮಿಮೀ, ಒಟ್ಟು ಸುಮಾರು 65 ಮಿಮೀ. ಮೊದಲ ಬಿಸಿ 21 ದಿನದ ನಂತರವೇ: 25 ಡಿಗ್ರಿ ನೀರು ಮೂರು ದಿನ, ಆಮೇಲೆ ವಿನ್ಯಾಸದ ಗರಿಷ್ಠ ಉಷ್ಣಾಂಶ ನಾಲ್ಕು ದಿನ. ಬೇಗ ಒಣಗಲಿ ಎಂದು ಮೊದಲ ವಾರವೇ ಬಿಸಿ ಹಾಯಿಸಿದರೆ ಮೇಲ್ಪದರ ಒಣಗಿ ಕುಗ್ಗಿ ಅಂಚುಗಳು ಎದ್ದೇಳುತ್ತವೆ. ನೀರು 55 ಡಿಗ್ರಿ ದಾಟದಂತೆ ಪಂಪ್ ನಿಲ್ಲಿಸುವ ಸುರಕ್ಷತಾ ಥರ್ಮೋಸ್ಟಾಟ್ ಕಡ್ಡಾಯ.

ಮೇಲೆ ಹಾಸುವ ವಸ್ತುವಿನ ಉಷ್ಣ ತಡೆ 0.15 ಮೀರಬಾರದು. ದಪ್ಪ ಕಾರ್ಪೆಟ್ ಹಾಸಿ ಆಮೇಲೆ ನೀರಿನ ಬಿಸಿ ಏರಿಸುವುದು ಕಂಬಳಿ ಹೊದ್ದು ಬೆಂಕಿಗೆ ಬೆನ್ನು ಕಾಯಿಸಿದಂತೆ.

ಚಾಲೂ ಆದ ಮೇಲಿನ ತೊಂದರೆಗಳು

ಒಂದೇ ಸುತ್ತು ತಣ್ಣಗಿದ್ದು ಹರಿವಿನ ಸೂಚಕ ಸೊನ್ನೆ ತೋರಿಸಿದರೆ ಗಾಳಿ ಸಿಕ್ಕಿದೆ, ಇಲ್ಲವೇ ಕವಾಟ ತೆರೆದಿಲ್ಲ. ಎಲ್ಲ ಸುತ್ತೂ ಬರೀ ಉಗುರುಬೆಚ್ಚಗಿದ್ದರೆ ಬಾಯ್ಲರಿನ ಬಿಸಿನೀರಿಗೆ ಮರಳಿದ ತಣಿದ ನೀರು ಬೆರೆಸುವ ಮಿಶ್ರಣ ಕವಾಟದ ಹೊಂದಿಕೆ ನೋಡಿ. ಒಂದು ಕೋಣೆಯ ಥರ್ಮೋಸ್ಟಾಟ್ ತಿರುಗಿಸಿದರೆ ಇನ್ನೊಂದು ಕೋಣೆ ಕಾಯುತ್ತಿದ್ದರೆ ತಂತಿ ಅದಲುಬದಲಾಗಿದೆ. ಸುತ್ತುಗಳಿಗೆ ಚೀಟಿ ಅಂಟಿಸದ ಮನೆಗಳಲ್ಲಿ ಇದು ತೀರಾ ಸಾಮಾನ್ಯ.

‘ಆನ್ ಮಾಡಿ ಒಂದು ಗಂಟೆ ಆಯಿತು, ಏನೂ ಆಗಿಲ್ಲ’ ಎಂಬುದು ಮಾತ್ರ ತೊಂದರೆಯಲ್ಲ. 65 ಮಿಮೀ ಸ್ಕ್ರೀಡ್ ಚದರ ಮೀಟರಿಗೆ ಸುಮಾರು 130 ಕಿಲೋ ತೂಗುತ್ತದೆ. ಅದನ್ನು 10 ಡಿಗ್ರಿ ಏರಿಸಲು ಸುಮಾರು 1,300 ಕಿಲೋಜೂಲ್ ಬೇಕು. 100 ವ್ಯಾಟ್ ಕೊಟ್ಟರೂ, ಒಂದಿಷ್ಟೂ ಸೋರದಿದ್ದರೂ, ಮೂರೂವರೆ ಗಂಟೆಗೂ ಹೆಚ್ಚು. ಹಾಗಾಗಿ ರಾತ್ರಿ ಆರಿಸಿ ಬೆಳಿಗ್ಗೆ ಹಚ್ಚುವ ಅಭ್ಯಾಸ ಈ ನೆಲಕ್ಕೆ ಒಗ್ಗುವುದಿಲ್ಲ. ಕಡಿಮೆ ಬಿಸಿಯ ನೀರು ಸದಾ ಹರಿಯುತ್ತಿರಲಿ.