ಅಪೆಂಡ್ ಮಾಡಿದ ಮೇಲೆ ನನ್ನ ಲಿಸ್ಟ್ ಎಲ್ಲಿ ಹೋಯಿತು?

ಓದುಗರ ಪ್ರಶ್ನೆ: ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. [65, 80] ಎಂಬ ಲಿಸ್ಟ್‌ಗೆ ಇನ್ನೊಂದು ಅಂಕ ಸೇರಿಸಲು ‘ಅಂಕಗಳು = ಅಂಕಗಳು.ಅಪೆಂಡ್(72)’ ಎಂದು ಬರೆದೆ. ಎರರ್ ಬರಲಿಲ್ಲ. ಆದರೆ ಪ್ರಿಂಟ್ ಮಾಡಿದರೆ ‘ನನ್’ (None) ಎಂದು ಬರುತ್ತದೆ. ಮೊದಲಿದ್ದ ಅಂಕಗಳೂ ಇಲ್ಲ. ತಪ್ಪು ಎಲ್ಲಿದೆ?

ಉತ್ತರ: 72 ಸರಿಯಾಗಿಯೇ ಸೇರಿತ್ತು. ಲಿಸ್ಟ್ ಕೈತಪ್ಪಿದ್ದು ಅದರ ಮರುಕ್ಷಣ.

ಅಪೆಂಡ್ ನಿಮಗೆ ಹೊಸ ಲಿಸ್ಟ್ ಮಾಡಿ ಕೊಡುವುದಿಲ್ಲ. ಇರುವ ಲಿಸ್ಟ್‌ನ ಒಳಗೇ ಕೈಹಾಕಿ, ಕೊನೆಯಲ್ಲಿ ಒಂದು ಐಟಂ ಇಡುತ್ತದೆ. ಕೆಲಸ ಮುಗಿದ ಮೇಲೆ ವಾಪಸ್ ಕೊಡುವುದು ‘ನನ್’, ಅಂದರೆ ಏನೂ ಇಲ್ಲ. ನೀವು ಎಡಗಡೆ ‘ಅಂಕಗಳು =’ ಎಂದು ಬರೆದದ್ದರಿಂದ ಆ ಹೆಸರು ಲಿಸ್ಟ್ ಬಿಟ್ಟು ‘ನನ್’ಗೆ ಅಂಟಿಕೊಂಡಿತು. [65, 80, 72] ಎಂಬ ಲಿಸ್ಟ್‌ಗೆ ಈಗ ಹೆಸರೇ ಇಲ್ಲ. ಯಾರೂ ಹಿಡಿದುಕೊಳ್ಳದ ಲಿಸ್ಟನ್ನು ಪೈಥಾನ್ ಮೆಮೊರಿಯಿಂದ ತೆಗೆದುಹಾಕುತ್ತದೆ.

ಎಡಗಡೆಯ ಭಾಗ ಅಳಿಸಿ, ಸುಮ್ನೆ ‘ಅಂಕಗಳು.ಅಪೆಂಡ್(72)’ ಎಂದು ಬರೆಯಿರಿ. ಅಷ್ಟೇ ಸಾಕು. (ಪೈಥಾನ್ 3ರಲ್ಲಿ ‘ಅಂಕಗಳು’ ಎಂಬ ಹೆಸರನ್ನು ಕನ್ನಡದಲ್ಲೇ ಟೈಪ್ ಮಾಡಬಹುದು. ಅಪೆಂಡ್‌ನಂಥ ಮೆಥಡ್ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು.)

ಈ ತಪ್ಪು ತುಂಬಾ ಜನರಿಂದ ಆಗುತ್ತದೆ, ಅದಕ್ಕೆ ಕಾರಣವೂ ಇದೆ. ನಾವು ಸಾಮಾನ್ಯವಾಗಿ ಮೊದಲು ಕಲಿಯುವುದು ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. ಸ್ಟ್ರಿಂಗ್ ಒಮ್ಮೆ ಹುಟ್ಟಿದ ಮೇಲೆ ಬದಲಾಗುವುದಿಲ್ಲ. ಅದಕ್ಕೇ ಇಂಗ್ಲಿಷ್ ಅಕ್ಷರಗಳನ್ನು ಕ್ಯಾಪಿಟಲ್ ಮಾಡುವ ‘ಅಪ್ಪರ್’ ಮೆಥಡ್ ಹೊಸ ಸ್ಟ್ರಿಂಗ್ ಕೊಡುತ್ತದೆ, ಅದನ್ನು ನಾವು ಹಿಡಿದಿಟ್ಟುಕೊಳ್ಳಲೇಬೇಕು. ಅದೇ ಅಭ್ಯಾಸ ಲಿಸ್ಟ್‌ಗೂ ಬಂದುಬಿಡುತ್ತದೆ, ಅಲ್ವಾ? ಲಿಸ್ಟ್ ಹಾಗಲ್ಲ, ಅದು ಇದ್ದಲ್ಲೇ ಬದಲಾಗುತ್ತದೆ. ಎಕ್ಸ್‌ಟೆಂಡ್, ಇನ್ಸರ್ಟ್, ಸಾರ್ಟ್, ರಿವರ್ಸ್ ಎಲ್ಲವೂ ಹೀಗೆಯೇ ‘ನನ್’ ಕೊಡುತ್ತವೆ. ನನಗೆ ಇದು ಒಳ್ಳೆಯ ಏರ್ಪಾಡು ಅನಿಸುತ್ತದೆ. ಬದಲಾದದ್ದು ಹಳೆಯ ಲಿಸ್ಟೇ, ಹೊಸದಲ್ಲ ಎಂಬುದು ನಮಗೆ ಮರೆಯದಂತೆ ಮಾಡುತ್ತದೆ.

ಇದನ್ನು ಮರೆತರೆ ಇನ್ನೊಂದು ಕಡೆ ಜಾಸ್ತಿ ಕಷ್ಟವಾಗುತ್ತದೆ. ‘ಹಳೆಯದು = ಅಂಕಗಳು’ ಎಂದು ಬರೆದರೆ ಪ್ರತಿ ಆಗುವುದಿಲ್ಲ. ಒಂದೇ ಲಿಸ್ಟ್‌ಗೆ ಎರಡು ಹೆಸರು ಬರುತ್ತವೆ. ಆಮೇಲೆ ‘ಅಂಕಗಳು’ಗೆ ಅಪೆಂಡ್ ಮಾಡಿದ್ದು ‘ಹಳೆಯದು’ರಲ್ಲೂ ಕಾಣುತ್ತದೆ. ಇಲ್ಲೂ ಎರರ್ ಬರುವುದಿಲ್ಲ, ಹಾಗಾಗಿ ಹುಡುಕುವುದು ಕಷ್ಟ. ನಿಜವಾದ ಪ್ರತಿ ಬೇಕಿದ್ದರೆ ‘ಅಂಕಗಳು.ಕಾಪಿ()’ ಬಳಸಿ. ‘ಅಂಕಗಳು + [72]’ ಎಂದು ಬರೆದರೂ ಹೊಸ ಲಿಸ್ಟ್ ಸಿಗುತ್ತದೆ, ಅಲ್ಲಿ ಎಡಗಡೆ ಹೆಸರು ಬೇಕೇ ಬೇಕು. ಆದರೆ ‘ಅಂಕಗಳು += [72]’ ಎಂದರೆ ಮತ್ತೆ ಅದೇ ಹಳೆಯ ಲಿಸ್ಟ್ ಬದಲಾಗುತ್ತದೆ. ನೋಡಲು ಎರಡೂ ಒಂದೇ ಥರ, ಕೆಲಸ ಬೇರೆ.

ಒಂದಕ್ಕಿಂತ ಹೆಚ್ಚು ಐಟಂ ಸೇರಿಸುವಾಗ ಅಪೆಂಡ್ ಬೇಡ. ‘ಅಪೆಂಡ್([90, 95])’ ಎಂದರೆ ಇಡೀ ಲಿಸ್ಟ್ ಒಂದೇ ಐಟಂ ಆಗಿ ಒಳಗೆ ಕೂರುತ್ತದೆ: [65, 80, [90, 95]]. ‘ಎಕ್ಸ್‌ಟೆಂಡ್’ ಬಳಸಿದರೆ [65, 80, 90, 95] ಸಿಗುತ್ತದೆ. ಎಕ್ಸ್‌ಟೆಂಡ್‌ಗೆ ಒಂದು ಪದ ಕೊಟ್ಟರೆ ಅದು ಅಕ್ಷರ ಅಕ್ಷರವಾಗಿ ಒಡೆದು ಸೇರುತ್ತದೆ, ಅದೊಂದು ಗಮನದಲ್ಲಿರಲಿ.

ಬೇಕಾದ ಜಾಗದಲ್ಲಿ ಸೇರಿಸಲು ‘ಇನ್ಸರ್ಟ್(0, 50)’ ಎಂದು ಬರೆಯಿರಿ. ಎಣಿಕೆ 0ಯಿಂದ ಶುರು, ಹಾಗಾಗಿ 50 ಎಲ್ಲಕ್ಕಿಂತ ಮುಂದೆ ಬರುತ್ತದೆ. ಮೂರೇ ಐಟಂ ಇರುವಾಗ ‘ಇನ್ಸರ್ಟ್(100, 50)’ ಎಂದರೂ ಎರರ್ ಬರುವುದಿಲ್ಲ, 50 ಕೊನೆಗೆ ಹೋಗಿ ಕೂರುತ್ತದೆ.

ಮುಂದೆ ಸೇರಿಸುವುದು ಕೊನೆಗೆ ಸೇರಿಸಿದಷ್ಟು ಅಗ್ಗವಲ್ಲ. ಪೈಥಾನ್ ಲಿಸ್ಟ್‌ನ ಕೊನೆಯಲ್ಲಿ ಸ್ವಲ್ಪ ಖಾಲಿ ಜಾಗವನ್ನು ಮೊದಲೇ ಇಟ್ಟುಕೊಂಡಿರುತ್ತದೆ, ಹಾಗಾಗಿ ಅಪೆಂಡ್ ಬೇಗ ಮುಗಿಯುತ್ತದೆ. ತಲೆಯ ಕಡೆ ಸೇರಿಸಿದರೆ ಉಳಿದ ಎಲ್ಲವೂ ಒಂದೊಂದು ಜಾಗ ಹಿಂದೆ ಸರಿಯಬೇಕು. ಹತ್ತಿಪ್ಪತ್ತು ಐಟಂ ಇದ್ದರೆ ಚಿಂತೆಯಿಲ್ಲ. ಲಕ್ಷಗಟ್ಟಲೆ ಇದ್ದು, ಪದೇ ಪದೇ ಮುಂದೆ ಸೇರಿಸಬೇಕಿದ್ದರೆ ‘ಕಲೆಕ್ಷನ್ಸ್’ ಮಾಡ್ಯೂಲ್‌ನಲ್ಲಿರುವ ‘ಡೆಕ್’ (deque, ಎರಡೂ ತುದಿಯಲ್ಲಿ ಬೇಗ ಸೇರಿಸಬಹುದಾದ, ಲಿಸ್ಟ್‌ನಂಥದ್ದೇ ಒಂದು) ತೆಗೆದುಕೊಳ್ಳಿ. ಅದರ ‘ಅಪೆಂಡ್‌ಲೆಫ್ಟ್’ ಯಾವ ಐಟಂ ಅನ್ನೂ ಸರಿಸದೆ ಮುಂದೆ ಸೇರಿಸುತ್ತದೆ. ಅದೂ ವಾಪಸ್ ಕೊಡುವುದು ‘ನನ್’ ಅನ್ನೇ.