ಉಸಿರು ಎಣಿಸೋಕೆ ಪೂರ್ತಿ ಒಂದು ನಿಮಿಷ ಕೊಡಿ

ವಾರ್ಡಿನ ಎಷ್ಟೋ ಚಾರ್ಟ್‌ಗಳಲ್ಲಿ ಬಿಪಿ, ಪಲ್ಸ್, ಜ್ವರದ ಅಂಕಿಗಳು ಏರಿಳಿಯುತ್ತಿರುತ್ತವೆ. ಉಸಿರಿನ ಕಾಲಂ ಮಾತ್ರ ಬೆಳಿಗ್ಗೆಯಿಂದ ರಾತ್ರಿವರೆಗೂ 20, 20, 20. ಡ್ಯೂಟಿಗೆ ಹೊಸದಾಗಿ ಬರುವ ಸಿಸ್ಟರ್‌ಗಳಿಗೆ ನಾನು ಮೊದಲು ತೋರಿಸುವುದು ಈ ಕಾಲಂ. ಬಿಪಿಗೆ ಮೆಷಿನ್ ಇದೆ, ರಕ್ತದಲ್ಲಿನ ಆಕ್ಸಿಜನ್ ಮಟ್ಟ, ಅಂದರೆ ಸ್ಯಾಚುರೇಶನ್‌ಗೆ ಬೆರಳಿಗೆ ಹಾಕುವ ಕ್ಲಿಪ್ ಇದೆ. ಸಾಮಾನ್ಯ ವಾರ್ಡಿನಲ್ಲಿ ಉಸಿರನ್ನು ನಿಂತು ಎಣಿಸಬೇಕು. ಅಷ್ಟೊಂದು ಬೆಡ್ ಇರುವಾಗ ಮೊದಲು ಕತ್ತರಿ ಬೀಳುವುದು ಆ ನಿಮಿಷಕ್ಕೇ.

ಆದರೆ ಕಾಯಿಲೆ ಬಿಗಡಾಯಿಸುವ ಸುಳಿವು ಹೆಚ್ಚಾಗಿ ಮೊದಲು ಸಿಗುವುದು ಅಲ್ಲೇ. ಸೋಂಕು ಏರಿದಾಗ, ಒಳಗೆ ರಕ್ತ ಸೋರುವಾಗ ದೇಹ ಜೋರಾಗಿ ಉಸಿರಾಡಿ ಸಂಭಾಳಿಸಿಕೊಳ್ಳುತ್ತದೆ. ಅದಕ್ಕೇ ಸ್ಯಾಚುರೇಶನ್ ಸ್ವಲ್ಪ ಹೊತ್ತು ಚೆನ್ನಾಗಿಯೇ ಕಾಣುತ್ತದೆ. ಬಿಪಿ ಬೀಳುವಷ್ಟರಲ್ಲಿ ಬಹಳ ಸಲ ತಡವಾಗಿರುತ್ತದೆ.

‘ಉಸಿರು ಎಣಿಸ್ತೀನಿ’ ಅಂತ ರೋಗಿಗೆ ಹೇಳಬೇಡಿ, ಹೇಳಿದರೆ ಉಸಿರಾಟವೇ ಬದಲಾಗುತ್ತದೆ. ನಾಡಿ ನೋಡುವ ಹಾಗೆ ಕೈ ಹಿಡಿದುಕೊಂಡೇ ಎದೆಯ ಏರಿಳಿತ ಎಣಿಸಿ.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ಪರಿಷ್ಕರಿಸಿದ ‘ನ್ಯೂಸ್’ (ನ್ಯಾಷನಲ್ ಅರ್ಲಿ ವಾರ್ನಿಂಗ್ ಸ್ಕೋರ್) ಇಲ್ಲಿ ನೆರವಿಗೆ ಬರುತ್ತದೆ. ಉಸಿರು, ಸ್ಯಾಚುರೇಶನ್, ಬಿಪಿ, ಪಲ್ಸ್ ಮುಂತಾದವು ಸರಿಯಾದ ಮಟ್ಟದಿಂದ ಎಷ್ಟು ಸರಿದಿವೆ ಅಂತ ನೋಡಿ ಒಂದೊಂದಕ್ಕೂ ಅಂಕ ಕೊಟ್ಟು ಕೂಡಿಸುವ ಲೆಕ್ಕ ಇದು; ಮೊತ್ತ ಹೆಚ್ಚಿದಷ್ಟೂ ಅಪಾಯ ಹೆಚ್ಚು. ನಿನ್ನೆ ಕರುಳಿನ ಆಪರೇಷನ್ ಆದವರೊಬ್ಬರು ಅಂದುಕೊಳ್ಳಿ. ಬಿಪಿ ಮೇಲಿನದು 108, ಸ್ಯಾಚುರೇಶನ್ 95, ಪಲ್ಸ್ 112, ಜ್ವರ ಇಲ್ಲ. ಬಿಡಿಬಿಡಿಯಾಗಿ ನೋಡಿದರೆ ಗಾಬರಿಯಾಗುವಂಥದ್ದು ಏನಿಲ್ಲ, ಅಲ್ವಾ? ಚಾರ್ಟಿನಲ್ಲಿ ಉಸಿರು 20 ಅಂತಿದ್ದರೆ ಸ್ಕೋರ್ 4. ನಿಜವಾಗಿ ಎಣಿಸಿ 28 ಬಂದರೆ ಸ್ಕೋರ್ 7. ಅದು ತುರ್ತು, ಐಸಿಯು ತಂಡ ನೋಡಬೇಕಾದ ಹಂತ. ಇದ್ದಕ್ಕಿದ್ದಂತೆ ಗೊಂದಲದಿಂದ ಮಾತಾಡಲು ಶುರುಮಾಡಿದರೆ ಅದೊಂದಕ್ಕೇ 3 ಅಂಕ. ‘ಯಾಕೋ ನಮ್ಮಪ್ಪ ಎಂದಿನಂತಿಲ್ಲ ಸಿಸ್ಟರ್’ ಅಂತ ಮನೆಯವರು ಅಂದರೆ ಸುಮ್ನೆ ಸಮಾಧಾನ ಮಾಡಿ ಕಳಿಸಬೇಡಿ. ಹೋಗಿ ನೋಡಿ. ಅವರಷ್ಟು ಆ ಮುಖವನ್ನು ಬಲ್ಲವರು ವಾರ್ಡಿನಲ್ಲಿ ಯಾರೂ ಇಲ್ಲ.

ಇನ್ನು ಫೋನ್. ‘ಪೇಷಂಟ್ ಯಾಕೋ ಡಲ್ ಆಗಿದ್ದಾರೆ ಸರ್’ ಅಂದರೆ ರಾತ್ರಿ ಎರಡು ಗಂಟೆಗೆ ಡ್ಯೂಟಿ ಡಾಕ್ಟರ್‌ಗೆ ಏನೂ ತಿಳಿಯುವುದಿಲ್ಲ. ಹೀಗೆ ಹೇಳಿ: ‘ಸರ್, 12ನೇ ಬೆಡ್, ನಿನ್ನೆ ಕರುಳಿನ ಆಪರೇಷನ್ ಆದವರು. ಸಂಜೆ ಉಸಿರು 18 ಇತ್ತು, ಈಗ 28. ಪಲ್ಸ್ 112. ಸ್ಕೋರ್ 7. ಈಗಲೇ ಬಂದು ನೋಡಬೇಕು.’ ಹೇಳಿದ ಸಮಯ ಬರೆದಿಡಿ. ಅವರು ಬರುವವರೆಗೆ ರೋಗಿಯ ಪಕ್ಕದಲ್ಲೇ ಇರಿ, ಆಕ್ಸಿಜನ್ ಸಿದ್ಧವಿಡಿ, ಐವಿ ಲೈನ್ ಪರೀಕ್ಷಿಸಿ, ಮೂತ್ರ ಎಷ್ಟು ಬಂದಿದೆ ನೋಡಿ. ಅವರು ಬರುವುದು ತಡವಾದರೆ ಸೀನಿಯರ್ ಡಾಕ್ಟರ್‌ಗೆ ನೇರವಾಗಿ ಫೋನ್ ಮಾಡಿ. ಅದಕ್ಕೆ ಯಾರೂ ಸಿಸ್ಟರನ್ನು ಗದರಿಸಬಾರದು. ಈ ಮಾತನ್ನು ಆಸ್ಪತ್ರೆಯ ಆಡಳಿತದವರೇ ಬರೆದು ವಾರ್ಡಿನಲ್ಲಿ ಅಂಟಿಸಬೇಕು.